ಔಟೇ ಇಲ್ಲದ ಆಟ

ಮೊನ್ನೆ ಹಲ್ಲಿನ ಡಾಕ್ಟರು ನನ್ನ ಹೊಸ ಹಲ್ಲಿನ ಸೆಟ್ಟನ್ನು ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬೀಗರಿಗೆ ತಾಂಬೂಲ ಕೊಡುವಷ್ಟು ಮರ್ಯಾದೆಯಿಂದ ಕೈಗೆ ಕೊಟ್ಟರು. ಮಲಗುವಾಗ ಬಾಯಿಂದ ತೆಗೆದು, ಡಬ್ಬಿಗೆ ನೀರು ಹಾಕಿ, ಅದರಲ್ಲಿ ಮುಳುಗಿಸಿ ಇಡಬೇಕಂತೆ. ಎಪ್ಪತ್ತು ದಾಟಿದ ಮೇಲೆ ಮನುಷ್ಯನ ಅಂಗಾಂಗಗಳು ಒಂದೊಂದಾಗಿ ಡಬ್ಬಿ ಸೇರುತ್ತವೆ ಎಂದು ಗೊಣಗುತ್ತಾ ಮನೆಗೆ ತಂದು ಬಚ್ಚಲ ಕಟ್ಟೆಯ ಮೇಲಿಟ್ಟೆ. ನಮ್ಮ ಮನೆಯಾಕೆ ರತ್ನಮ್ಮ ಅದನ್ನು ನೋಡಿದವಳೇ ಕೈಲಿದ್ದ ಚೊಂಬು ಕೆಳಗಿಟ್ಟು, "ರೀ, ಇದು ನಮ್ಮ ನಾಗಮೂರ್ತಿ ಡಬ್ಬಿ ಇದ್ದಂಗೇ ಐತಲ್ರಿ!" ಎಂದು ನಗತೊಡಗಿದಳು. ಗಂಡನ ಹಲ್ಲು ಹೋಯಿತಲ್ಲ ಎಂದು ಒಂದು ನಿಟ್ಟುಸಿರಾದರೂ ಬಿಡಬಾರದೇ? ಸಿಟ್ಟು ಬಂತು. ಆದರೆ ಡಬ್ಬಿ ನಿಜವಾಗಿಯೂ ಹಾಗೇ ಇತ್ತು.

ನಾಗಮೂರ್ತಿ ಎಂದರೆ ನಿಮ್ಮ ಕಣ್ಣ ಮುಂದೆ ಯಾರೋ ಪಂಚಾಯಿತಿ ಗುಮಾಸ್ತರೋ ಸೊಸೈಟಿ ಸೆಕ್ರೆಟರಿಯೋ ಬರಬಹುದು. ಅಲ್ಲ. ಈತ ಜಪಾನಿನವನು. ಅಪ್ಪ ಅಮ್ಮ ಇಟ್ಟ ಹೆಸರು ನಕಮುರ. ನಮ್ಮ ಹಿರಿಯೂರಿನ ಬೀದಿಯವರಿಗೆ ಆ ಹೆಸರು ಎರಡು ದಿನ ನಾಲಗೆಯ ಮೇಲೆ ನಿಲ್ಲಲಿಲ್ಲ. ಮೂರನೆಯ ದಿನ ಹಾಲಿನವನು "ನಾಗಮೂರ್ತಿಗೆ ಅರ್ಧ ಲೀಟರ್ ಹಾಕ್ಲೇನಮ್ಮ?" ಎಂದು ಕೇಳಿದ. ಅಲ್ಲಿಗೆ ನಾಮಕರಣ ಮುಗಿಯಿತು. ಆತನೂ ಕರೆದರೆ "ಹಾಯ್" ಎಂದು ಓಗೊಡುತ್ತಿದ್ದ. ಅವರ ಭಾಷೆಯಲ್ಲಿ ಹಾಯ್ ಎಂದರೆ ಹೌದು ಎಂದಂತೆ. ಹಸು ಹಾಯುವುದನ್ನು ಬಿಟ್ಟರೆ ಬೇರೆ ಹಾಯ್ ಗೊತ್ತಿಲ್ಲದ ನಮ್ಮ ಎದುರುಮನೆಯ ಅಜ್ಜಿ ಅವನನ್ನು ಕಂಡರೆ ಸ್ವಲ್ಪ ದೂರವೇ ನಿಲ್ಲುತ್ತಿದ್ದಳು.

ಇಪ್ಪತ್ತು ವರ್ಷದ ಹಿಂದಿನ ಮಾತು. ಐಮಂಗಲದ ಸುತ್ತಿನ ಗುಡ್ಡಗಳ ಮೇಲೆ ಫ್ಯಾನು ನಿಲ್ಲಿಸುತ್ತಿದ್ದ ಕಾಲ. ಕರೆಂಟು ತಯಾರಿಸುವ ಗಾಳಿಯಂತ್ರಗಳನ್ನು ನಮ್ಮ ಕಡೆ ಇವತ್ತಿಗೂ ಫ್ಯಾನು ಎಂದೇ ಕರೆಯುತ್ತೇವೆ. ಗಾಳಿ ಕೊಡುವ ಫ್ಯಾನಲ್ಲ, ಗಾಳಿ ತಿನ್ನುವ ಫ್ಯಾನು. ಅದರ ತಲೆಯೊಳಗಿನ ಗೇರುಪೆಟ್ಟಿಗೆ ಜೋಡಿಸಲು ಬಂದ ಎಂಜಿನಿಯರು ಈ ನಾಗಮೂರ್ತಿ. ನಾನಾಗ ಐಮಂಗಲದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹಿರಿಯೂರಿನಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಒಂದು ಖಾಲಿ ರೂಮಿತ್ತು. ಕಂಟ್ರಾಕ್ಟರು ಈತನನ್ನು ತಂದು ಅಲ್ಲಿ ಇಳಿಸಿ ಹೋದ. ಬಂದ ದಿನ ನನಗೆ ಬಾಗಿ ನಮಸ್ಕರಿಸಿದ, ರತ್ನಮ್ಮನಿಗೆ ನಮಸ್ಕರಿಸಿದ, ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ರೂಮಿಗೂ ನಮಸ್ಕರಿಸಿದ. ಒಳ್ಳೆಯ ಸಂಸ್ಕಾರ ಎಂದಳು ಇವಳು. ಬೆನ್ನುನೋವು ಇರಬೇಕು ಎಂದೆ ನಾನು.

ಡಬ್ಬಿಯ ಕಥೆ ಒಂದು ವಾರದೊಳಗೇ ಶುರುವಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಈತ ಮರೆತುಹೋಗಿದ್ದ ನೀಲಿ ಡಬ್ಬಿಯನ್ನು ರತ್ನಮ್ಮ ತೆರೆದು ನೋಡಿದರೆ ಒಳಗೆ ಹಲ್ಲಿನ ಸಾಲಿನ ಅಚ್ಚು! "ಪಾಪ ಕಣ್ರಿ, ಇಷ್ಟು ಸಣ್ಣ ವಯಸ್ಸಿಗೆ ಹಲ್ಲೆಲ್ಲ ಹೋಗ್ಯಾವೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಂದಿನಿಂದ ಅವನಿಗೆ ಮೆತ್ತಗೆ ಕಿವುಚಿದ ಅನ್ನ, ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ರೊಟ್ಟಿ. ಈ ದೇಶದವರು ಹೀಗೇ ಉಣ್ಣುವುದು ಎಂದುಕೊಂಡು ಅವನೂ ಬಾಗಿ ಬಾಗಿ ಉಂಡ. ಎಂಟನೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿದು ತಿನ್ನುತ್ತಿದ್ದ ಅವನನ್ನು ನಾನು ಕಣ್ಣಾರೆ ಕಂಡೆ. ಮನೆಗೆ ಬಂದು ವಿಚಾರಣೆ ಮಾಡಿದಾಗ ಗೊತ್ತಾಯಿತು: ಅದು ಹಲ್ಲಲ್ಲ, ಹಲ್ಲಿಗೆ ಹಾಕುವ ಕವಚ. ಆಡುವಾಗ ಯಾರಾದರೂ ಮುಖಕ್ಕೆ ಗುದ್ದಿದರೆ ಹಲ್ಲು ಉದುರದಿರಲಿ ಎಂದು.

ಹಲ್ಲು ಉದುರುವ ಆಟ ಯಾವುದಪ್ಪ ಎಂದೆ. "ಫುಟ್‌ಬಾಲ್" ಎಂದ. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾದ ನನಗೆ ಫುಟ್‌ಬಾಲ್ ಗೊತ್ತಿಲ್ಲವೇ? ಅದಲ್ಲ, ಅಮೆರಿಕನ್ ಫುಟ್‌ಬಾಲ್ ಎಂದ. ಪೆಟ್ಟಿಗೆಯಿಂದ ಚೆಂಡು ತೆಗೆದು ತೋರಿಸಿದ. ಚೆಂಡು ಎಂದರೆ ದುಂಡಗಿರಬೇಕು ಎಂಬ ಕನಿಷ್ಠ ತಿಳಿವಳಿಕೆ ನಮ್ಮೂರಿನ ನಾಯಿಗೂ ಇದೆ. ಇದು ಎರಡೂ ತುದಿ ಚೂಪಾಗಿ ಬೂದುಗುಂಬಳದ ಮರಿಯಂತಿತ್ತು. ಹೆಸರು ಫುಟ್‌ಬಾಲ್, ಆಡುವುದು ಕೈಯಲ್ಲಿ. ಎರಡು ಕಡೆಗೂ ಹನ್ನೊಂದು ಜನ. ತಲೆಗೆ ಕಬ್ಬಿಣದ ಜಾಲರಿಯ ಟೋಪಿ, ಹೆಗಲಿಗೆ ದಿಂಬಿನಂಥ ಕವಚ, ತೊಡೆಗೆ ಕವಚ, ಹಲ್ಲಿಗೆ ಕವಚ. ಇಷ್ಟೆಲ್ಲ ಸಿಂಗಾರ ಮಾಡಿಕೊಂಡು ಐದು ಸೆಕೆಂಡು ಗುದ್ದಾಡುತ್ತಾರೆ. ಆಮೇಲೆ ಎಲ್ಲರೂ ದುಂಡಗೆ ನಿಂತು ತಲೆಗೆ ತಲೆ ಹಚ್ಚಿ ಒಂದು ನಿಮಿಷ ಮೀಟಿಂಗು ಮಾಡುತ್ತಾರೆ. ಮತ್ತೆ ಐದು ಸೆಕೆಂಡು ಗುದ್ದಾಟ, ಮತ್ತೆ ಮೀಟಿಂಗು. ನಮ್ಮ ತಾಲ್ಲೂಕು ಕಚೇರಿ ಇದಕ್ಕಿಂತ ಚುರುಕಾಗಿ ಕೆಲಸ ಮಾಡುತ್ತದೆ ಎಂದು ಹೇಳಬೇಕೆನಿಸಿತು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿಸಿದರೂ ಅಷ್ಟು ದೊಡ್ಡ ವಾಕ್ಯ ಆಗುತ್ತಿರಲಿಲ್ಲವಾದ್ದರಿಂದ ಸುಮ್ಮನಾದೆ.

ಅಮೆರಿಕದವರಿಗೆ ಇಂಥದ್ದೊಂದು ಹುಚ್ಚು ಇರಬಹುದು. ತಿಂದದ್ದು ಅರಗಬೇಕಲ್ಲ. ಜಪಾನಿನವರಿಗೆ ಯಾಕೆ ಬೇಕಿತ್ತು ಈ ಉಸಾಬರಿ? ಅದೂ ಈತ ಪೂರ್ತಿ ಆಟಗಾರನೂ ಅಲ್ಲ, ಪೂರ್ತಿ ಎಂಜಿನಿಯರೂ ಅಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕಂಪನಿಯ ಗೇರುಪೆಟ್ಟಿಗೆ, ಶನಿವಾರ ಭಾನುವಾರ ಕಂಪನಿಯ ತಂಡದಲ್ಲಿ ಗುದ್ದಾಟ. ಆಟಕ್ಕೆ ಸಂಬಳ ಕೊಡ್ತಾರಾ ಎಂದರೆ ಇಲ್ಲವಂತೆ. ಟೋಪಿ, ಕವಚ, ಬೂಟು ಎಲ್ಲ ಇವನ ಕೈಯಿಂದಲೇ. "ದುಡ್ ಕೊಟ್ಟು ಹೊಡಿಸ್ಕಂತಾನೇನ್ರಿ?" ಎಂದು ರತ್ನಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅರ್ಧ ಕೂಲಿ, ಅರ್ಧ ಖಯಾಲಿ. ಇಂಥ ಅರೆಬರೆ ಬದುಕಿನ ಬಗ್ಗೆ ನನಗೆ ಆಗ ಇದ್ದ ತಾತ್ಸಾರವನ್ನು ನೀವು ನೋಡಬೇಕಿತ್ತು.

ತಾತ್ಸಾರ ಮಾಡಲು ನನಗೆ ಅಧಿಕಾರವಿತ್ತು. ನಾನು ಹರಿಯಬ್ಬೆಯ ಕುರಿ ಕಾಯುವ ಮನೆತನದವನು, ಕಬಡ್ಡಿ ನನಗೆ ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಉಣ್ಣೆ ಕತ್ತರಿಸುವ ದಿನ ಮಂದೆಯೊಳಗೆ ನುಗ್ಗಿ ಕುರಿ ಹಿಡಿದು ತರುವುದು ನಮ್ಮ ಕೆಲಸ. ಕುರಿಯ ಕುತ್ತಿಗೆಗೆ ಕೈಹಾಕಿದರೆ ಉಣ್ಣೆ ಕೈಗೆ ಬರುತ್ತದೆ, ಕುರಿ ಬರುವುದಿಲ್ಲ. ಹಿಂಗಾಲಿನ ಗಿಣ್ಣಿಗೇ ಹಾಕಬೇಕು. ಆ ಪಟ್ಟನ್ನೇ ಅಂಕಣಕ್ಕೆ ತಂದು ನಾನು ತಾಲ್ಲೂಕಿನಲ್ಲಿ ಹೆಸರು ಮಾಡಿದೆ. ಚಿತ್ರದುರ್ಗದ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿ, ರಾಜ್ಯಮಟ್ಟದ ಪಂದ್ಯಕ್ಕೆಂದು ಮೈಸೂರಿಗೆ ಹೋದೆ. ರೊಟ್ಟಿ ಗಂಟು ಹೊತ್ತುಕೊಂಡು ನಮ್ಮ ಚಿಕ್ಕಪ್ಪನೂ ಜೊತೆಗೆ ಬಂದಿದ್ದ. "ಮೈಸೂರಿನಲ್ಲಿ ನಾನು ಹಿಡಿದ ಹಿಡಿತ ಬಿಡಿಸಿಕೊಂಡು ಹೋದವನೇ ಇಲ್ಲ" ಎಂದು ಮೂವತ್ತು ವರ್ಷದಿಂದ ಶಾಲೆಯಲ್ಲಿ, ಮದುವೆ ಮನೆಗಳಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿಕೊಂಡು ಬಂದಿದ್ದೆ. ನಾಗಮೂರ್ತಿಗೂ ಹೇಳಿದೆ. ರಾಜ್ಯಮಟ್ಟ ಎಂಬುದನ್ನು ಕೈ ಅಗಲಿಸಿ ತೋರಿಸಿದೆ. ಅವನು ಎದ್ದುನಿಂತು ಅವತ್ತಿನವರೆಗಿನ ಅತಿ ಆಳದ ನಮಸ್ಕಾರ ಮಾಡಿ, ಅಂದಿನಿಂದ ನನ್ನನ್ನು ಸೆನ್ಸೇ ಎಂದು ಕರೆಯತೊಡಗಿದ. ಅವರಲ್ಲಿ ಗುರುಗಳಿಗೆ ಹಾಗೆನ್ನುತ್ತಾರಂತೆ. ಕನ್ನಡದಲ್ಲಿ ಅವನು ಕಲಿತಿದ್ದ ಮೊದಲ ಪದ "ಇಲ್ಲ". ಒಂದು ಸಂಜೆ ನಾನು ಮನೆಯಲ್ಲಿ ಇಲ್ಲದಾಗ ಬಾಗಿಲಿಗೆ ಬಂದು ರತ್ನಮ್ಮನನ್ನು "ಸೆನ್ಸೇ ಇಲ್ಲ?" ಎಂದು ಕೇಳಿದನಂತೆ. "ಬಂದು ಎರಡು ತಿಂಗ್ಳಿಗೇ ತಿಳ್ಕಂಡ ನೋಡಪ್ಪ, ನಂಗೆ ಇಪ್ಪತ್ತೈದು ವರ್ಷ ಬೇಕಾತು" ಎಂದು ಇವಳು ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆಯನ್ನು ಬರೆಯುತ್ತಿರಲಿಲ್ಲ. ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಧಡ್ ಧಡ್ ಸದ್ದು. ಹೋಗಿ ನೋಡಿದರೆ ಬೇವಿನ ಮರಕ್ಕೆ ಹಾಸಿಗೆ ಸುತ್ತಿ ಹಗ್ಗದಲ್ಲಿ ಕಟ್ಟಿದ್ದಾನೆ. ತಲೆಗೆ ಜಾಲರಿ ಟೋಪಿ, ಹೆಗಲಿಗೆ ಕವಚ. ದೂರದಿಂದ ಓಡಿಬಂದು ಹಾಸಿಗೆಗೆ ಹೆಗಲು ಕೊಟ್ಟು ಗುದ್ದುತ್ತಿದ್ದಾನೆ. ಬೇಲಿಯಾಚೆ ನಮ್ಮ ಬೀದಿಯ ಅರ್ಧ ಜನ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದಾರೆ. ಹಾಸಿಗೆ ರತ್ನಮ್ಮನ ತೌರಿನದು, ತಾಳ್ಯದಿಂದ ಮದುವೆಯಲ್ಲಿ ಕೊಟ್ಟಿದ್ದು. "ಮರಕ್ಕೆ ಹೊಡೀಲಿ, ನಮ್ಮಪ್ಪ ಕೊಟ್ಟ ಹಾಸಿಗೆಗೆ ಯಾಕೆ ಹೊಡೀತಾನೆ?" ಎಂದು ಅವಳು ರಂಪ ಮಾಡಿದ ಮೇಲೆ ನಾನು ಅವನನ್ನು ಕಟ್ಟೆಯ ಮೇಲೆ ಕೂರಿಸಿ ವಿಚಾರಿಸಿದೆ. ಅವನು ಜೇಬಿನಿಂದ ಒಂದು ಕಾಗದ ತೆಗೆದ.

ಕಾಗದ ಅವನ ತಂಡದ ಕೋಚಿನದು. ಮಾರ್ಚಿ ಕೊನೆಗೆ ಹೊಸ ತಂಡದ ಆಯ್ಕೆ. ನಾಗಮೂರ್ತಿ ಹನ್ನೊಂದು ವರ್ಷದಿಂದ ಆ ತಂಡದಲ್ಲಿದ್ದವನು. ಚೆಂಡು ಹಿಡಿದು ಓಡಿ ಬರುವವನನ್ನು ಕೆಡವುವುದು ಅವನ ಕೆಲಸ. ಈಗ ಮೂವತ್ತೈದು. ಅವನ ಜಾಗಕ್ಕೆ ಇಬ್ಬರು ಹೊಸ ಹುಡುಗರು ಬಂದಿದ್ದಾರೆ. ನಿನ್ನ ಹೆಗಲಲ್ಲಿ ಬಲವಿದೆ, ಆದರೆ ಕಾಲು ನಿಧಾನವಾಗಿದೆ, ಎಳೆಯರು ನಿನ್ನ ಕೈಯಿಂದ ನುಸುಳಿ ಹೋಗುತ್ತಾರೆ, ಬಂದು ತೋರಿಸು, ಆಗದಿದ್ದರೆ ಬಿಡು ಎಂದು ಬರೆದಿದ್ದಾನೆ. ಅವನು ಆ ಕಂಪನಿಗೆ ಸೇರಿದ್ದೇ ಆ ತಂಡವಿದೆ ಎಂಬ ಕಾರಣಕ್ಕಂತೆ. ಗೇರುಪೆಟ್ಟಿಗೆ ನೆಪ. ಇಲ್ಲಿ ಓಡುವವರಿಲ್ಲ, ಕೆಡವಲು ಯಾರೂ ಇಲ್ಲ, ಹಾಸಿಗೆ ನುಸುಳಿ ಹೋಗುವುದಿಲ್ಲ ಎಂದು ಹೇಳಿ ಕೈಚೆಲ್ಲಿದ.

ನನಗೆ ಕನಿಕರ ಹುಟ್ಟಿತು ಎಂದು ದಯವಿಟ್ಟು ತಿಳಿಯಬೇಡಿ. ನಿಜವಾದ ಆಟ ಯಾವುದು ಎಂದು ಇವನಿಗೊಮ್ಮೆ ತೋರಿಸಬೇಕು ಎಂಬ ಹಟ ಹುಟ್ಟಿತು, ಅಷ್ಟೆ. ಮುಂದಿನ ಭಾನುವಾರ ಅವನನ್ನೂ ಅವನ ಚೀಲವನ್ನೂ ಬಸ್ಸಿಗೆ ಹಾಕಿಕೊಂಡು ಹರಿಯಬ್ಬೆಗೆ ಹೋದೆ.

ಹರಿಯಬ್ಬೆಯಲ್ಲಿ ಕಬಡ್ಡಿ ತಂಡಕ್ಕೆ ಆಗ ನಾಯಕ ಕರಿಯಪ್ಪ. ರೊಟ್ಟಿ ಗಂಟು ಹೊತ್ತು ಮೈಸೂರಿಗೆ ಬಂದಿದ್ದನಲ್ಲ, ಆ ಚಿಕ್ಕಪ್ಪನ ಮಗ. ಚಿಕ್ಕಪ್ಪ ಹೋಗಿ ಬಹಳ ವರ್ಷವಾಗಿತ್ತು. ಕರಿಯಪ್ಪನಿಗೆ ನಲವತ್ತರ ಹತ್ತಿರ ವಯಸ್ಸು, ಇನ್ನೂರು ಕುರಿ, ಮಾತು ಕಡಿಮೆ. ಅವನ ಪಕ್ಕಕ್ಕೆ ಮಾತೆಲ್ಲ ತಾನೇ ಗುತ್ತಿಗೆ ಹಿಡಿದ ಈರಣ್ಣ. ಇನ್ನೈದು ಜನ, ಎಲ್ಲರೂ ಕುರಿಯವರೇ. ಶೇಂಗಾ ಕಿತ್ತ ಹೊಲ ಬಯಲಾಗಿ ಬಿದ್ದಿತ್ತು. ನಾಗಮೂರ್ತಿ ಹೊಲದ ಬದುವಿನ ಮೇಲೆ ನಿಂತು, ಟೋಪಿ ಕಂಕುಳಲ್ಲಿಟ್ಟು, ಮಣ್ಣಿಗೆ ಬಾಗಿ ನಮಸ್ಕರಿಸಿ ಒಳಗೆ ಕಾಲಿಟ್ಟ. "ಭೂಮ್ತಾಯಿಗೆ ಕೈಮುಗೀತಾನೆ, ನಮ್ಮೋನೇ ಬಿಡ್ರಿ ಮೇಷ್ಟ್ರೇ" ಎಂದ ಈರಣ್ಣ. ಕವಚ ಒಬ್ಬನಿಗೇ ಇದ್ದದ್ದು ಅನ್ಯಾಯವೆಂದು ಉಳಿದವರು ಕಂಬಳಿ ಮಡಚಿ ಹೆಗಲ ಮೇಲೆ ಹಾಕಿ ಎದೆಗೆ ಹಗ್ಗ ಬಿಗಿದುಕೊಂಡರು. ತಲೆಗೆ ರುಮಾಲು. ನಾನು ಸೀಟಿ ಬಾಯಲ್ಲಿಟ್ಟುಕೊಂಡು ಆಟದ ನಿಯಮ ವಿವರಿಸಿದೆ. ನನಗೇ ತಿಳಿದಿರಲಿಲ್ಲ, ನಿಜ. ಆದರೆ ನಿಯಮ ವಿವರಿಸಲು ತಿಳಿದಿರಲೇಬೇಕೆಂದಿದ್ದರೆ ನಾನು ಇಷ್ಟು ವರ್ಷ ನೌಕರಿ ಮಾಡುವುದು ಸಾಧ್ಯವಿತ್ತೇ?

ಮೊದಲು ಚೆಂಡು ಕರಿಯಪ್ಪನ ಕೈಗೆ. ಅವನು ಬೂದುಗುಂಬಳವನ್ನು ಕಂಕುಳಿಗೆ ಸೇರಿಸಿಕೊಂಡು, ನೆಲ ಮುಟ್ಟಿ ಹಣೆಗೊತ್ತಿ, ಎದೆ ತುಂಬ ಉಸಿರು ತೆಗೆದುಕೊಂಡು "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತಾ ಓಡಿದ. ನಾಗಮೂರ್ತಿ ಇದೇನೋ ಮಂತ್ರವೆಂದು ಬೆಚ್ಚಿ ನಿಂತ. ಮೈದಾನದ ನಡುವಿಗೆ ಬರುವಷ್ಟರಲ್ಲಿ ಕರಿಯಪ್ಪನ ಉಸಿರು ಮುಗಿಯಿತು. ಯಾರೂ ಅವನನ್ನು ಮುಟ್ಟಿರಲಿಲ್ಲ. ಚೆಂಡನ್ನು ಮೆಲ್ಲಗೆ ನೆಲಕ್ಕಿಟ್ಟು, ತಲೆ ತಗ್ಗಿಸಿ ನಡೆದುಹೋಗಿ, ಬದುವಿನ ಹೊಂಗೆ ಮರದ ಕೆಳಗೆ ಕೂತ.

"ಯಾಕೋ?" ಎಂದು ಕೂಗಿದೆ.

"ಉಸ್ರು ಹೋತಲ್ಲಣ್ಣ" ಎಂದ.

ಉಸಿರು ಕಟ್ಟುವುದು ಬೇಡ ಎಂದು ಹೇಳಿ ಈರಣ್ಣನ ಕೈಗೆ ಚೆಂಡು ಕೊಟ್ಟೆ. ಅವನು ಓಡಿದ. ಈ ಸಲ ನಾಗಮೂರ್ತಿ ಎದೆಗೆ ಹೆಗಲು ಕೊಟ್ಟು ಕೆಡವಿದ. ಈರಣ್ಣ ಎದ್ದು ಮಣ್ಣು ಕೊಡವಿಕೊಂಡು ತಾನೂ ಹೊಂಗೆ ಮರಕ್ಕೆ ನಡೆದ. ಮೂರನೆಯವನು ಬಿದ್ದ, ಮರಕ್ಕೆ ಹೋದ. ನಾಲ್ಕನೆಯವನೂ ಹಾಗೆಯೇ. ಕಾಲು ಗಂಟೆಯಲ್ಲಿ ಏಳೂ ಜನ ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಇಡೀ ಹೊಲದಲ್ಲಿ ನಾಗಮೂರ್ತಿ ಒಬ್ಬನೇ, ಕೈಯಲ್ಲಿ ಚೆಂಡು. ಟೋಪಿಯ ಜಾಲರಿಯೊಳಗಿಂದ ಅವನ ಕಣ್ಣು ನನ್ನನ್ನು ಹುಡುಕಿತು. "ಸೆನ್ಸೇ, ಟೀಮ್?" ಎಂದ.

"ಔಟ್" ಎಂದೆ. ಇದರಲ್ಲಿ ಕೇಳುವುದೇನಿದೆ?

ಅವನು ಟೋಪಿ ತೆಗೆದು ಎರಡು ಕೈಯನ್ನೂ ಆಡಿಸಿದ. "ಔಟ್ ಇಲ್ಲ. ಸೆನ್ಸೇ, ಔಟ್ ಇಲ್ಲ." ಬಿದ್ದು ತೋರಿಸಿದ, ಎದ್ದು ತೋರಿಸಿದ, ಮತ್ತೆ ಮೊದಲಿನ ಜಾಗದಲ್ಲಿ ನಿಂತು ತೋರಿಸಿದ. ಬಿದ್ದವನು ಎದ್ದು ತನ್ನ ಜಾಗಕ್ಕೇ ಬರಬೇಕು, ಹೊರಗೆ ಹೋಗಕೂಡದು ಎಂದು ನಾನು ಮರದ ಕೆಳಗಿನ ಸಭೆಗೆ ಅನುವಾದಿಸಿ ಹೇಳಿದೆ. ಈರಣ್ಣನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ಔಟೇ ಇಲ್ಲ ಅಂದ್ಮ್ಯಾಲೆ ಅದೆಂಥಾ ಆಟಾರಿ ಮೇಷ್ಟ್ರೇ? ಬಿದ್ದೋನು ನಾಚ್ಕೆ ಇಲ್ದೆ ಮತ್ತೆ ಬಂದು ನಿಂತ್ಕಣಾದಾ?"

ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ಕರಿಯಪ್ಪ ಎಲೆಅಡಿಕೆ ಉಗುಳಿ, ಹಂಗಾರೆ ಇವ್ರ ಆಟದಾಗೆ ಔಟಾಗಾದು ಯಾವಾಗ, ಕೇಳಣ್ಣ ಎಂದ. ಕೇಳಿದೆ. ನಾಗಮೂರ್ತಿ ತನ್ನ ಎದೆ ಮುಟ್ಟಿಕೊಂಡು, "ಮಾರ್ಚ್. ಜಪಾನ್. ಔಟ್" ಎಂದ. ಕಾಗದದ ವಿಷಯವನ್ನೆಲ್ಲ ನಾನು ಅವರಿಗೆ ಹೇಳಬೇಕಾಯಿತು. ನಮ್ಮ ಕಬಡ್ಡಿಯಲ್ಲಿ ಔಟಾದವನು ಸಾಯುವುದಿಲ್ಲ. ಗೆರೆಯಾಚೆ ಕೂತು ಕಾಯುತ್ತಾನೆ, ತನ್ನ ಕಡೆಯವರು ಎದುರಾಳಿಯ ಒಬ್ಬನನ್ನು ಹಿಡಿದರೆ ಜೀವ ಬಂದು ಒಳಗೆ ಹೋಗುತ್ತಾನೆ. "ಅಲ್ಲಿ ಔಟಾದ್ರೆ ಮತ್ತೆ ಜೀವ ಬರ್ತೈತಾ ಕೇಳಣ್ಣ" ಎಂದ ಕರಿಯಪ್ಪ. ಅದನ್ನು ಇಂಗ್ಲಿಷಿನಲ್ಲಿ ಕೇಳುವ ಬಗೆ ನನಗೆ ಹೊಳೆಯಲಿಲ್ಲ, ಹೇಗೋ ಕೇಳಿದೆ.

"ಇಲ್ಲ" ಎಂದ ನಾಗಮೂರ್ತಿ, ಅಚ್ಚ ಕನ್ನಡದಲ್ಲಿ.

ಕರಿಯಪ್ಪ ಎದ್ದು ಕಂಬಳಿಯ ಹಗ್ಗ ಬಿಗಿ ಮಾಡಿಕೊಂಡ. "ಏಳ್ರಲೇ. ಒಂದೇ ಸಲ ಸಾಯಾ ಆಟ ಇದು. ಸರ್ಯಾಗಿ ಆಡಾಣ."

ಅಲ್ಲಿಂದ ಮೂರು ತಿಂಗಳು ಪ್ರತಿ ಭಾನುವಾರ ಇದೇ ಪಾಡು. ಏಳು ಜನ ಕುರಿಗಾರರು, ಒಬ್ಬ ಜಪಾನಿ, ಒಬ್ಬ ಸೀಟಿ ಊದುವ ಹೊಟ್ಟೆಯ ಮೇಷ್ಟ್ರು. ಬೀಳುವುದು, ಏಳುವುದು, ಮತ್ತೆ ನಿಲ್ಲುವುದು. ಈರಣ್ಣ ಕೊನೆಯವರೆಗೂ ಬಿದ್ದಾಗಲೆಲ್ಲ ಅಭ್ಯಾಸಬಲದಿಂದ ಎರಡು ಹೆಜ್ಜೆ ಮರದ ಕಡೆ ಹೋಗಿ, ನಾಲಗೆ ಕಚ್ಚಿಕೊಂಡು ವಾಪಸು ಬರುತ್ತಿದ್ದ. ಕೋಚು ಬರೆದದ್ದು ಸುಳ್ಳಲ್ಲ ಎಂದು ಬೇಗನೆ ಗೊತ್ತಾಯಿತು. ನಾಗಮೂರ್ತಿ ಎದೆಗೇ ಗುರಿಯಿಡುತ್ತಿದ್ದ, ಓಡುವವನು ಮೈ ತಿರುಗಿಸಿದರೆ ಗಾಳಿಯನ್ನು ತಬ್ಬಿಕೊಂಡು ಬೀಳುತ್ತಿದ್ದ. ಕರಿಯಪ್ಪ ಎರಡು ವಾರ ನೋಡಿದ. ಮೂರನೆಯ ವಾರ ಹಟ್ಟಿಯಿಂದ ಒಂದು ಚೂಟಿ ಕುರಿಯನ್ನು ಹೊಡೆದು ತಂದು ಹೊಲಕ್ಕೆ ಬಿಟ್ಟ.

"ಮಖ ನೋಡ್ಬ್ಯಾಡ ಕಣಪ್ಪ. ಮಖ ಸುಳ್ ಹೇಳ್ತೈತೆ. ಹಿಂಗಾಲ್ ನೋಡು, ಅದು ಎತ್ಲಾಗೆ ಊರ್ತೈತೋ ಅತ್ಲಾಗೇ ಕುರಿ ಹೋಗಾದು" ಎಂದು ಕನ್ನಡದಲ್ಲೇ ಹೇಳಿ, ಕಾಲು ತೋರಿಸಿದ. ಇದಕ್ಕೆ ನನ್ನ ಅನುವಾದ ಬೇಕಾಗಲಿಲ್ಲ. ಜಾಲರಿ ಟೋಪಿ ಕಂಡು ಕುರಿ ಮೊದಲೇ ಅರ್ಧ ಹುಚ್ಚಾಗಿತ್ತು. ಒಂದು ದೇಶದ ಎಂಜಿನಿಯರು ಕುರಿಯ ಹಿಂದೆ ಓಡಿ ಒಂಬತ್ತು ಸಲ ಮುಖ ಅಡಿಯಾಗಿ ಬಿದ್ದದ್ದನ್ನು ನಾನು ಎಣಿಸಿದೆ. ಇಂಥವರು ಜೋಡಿಸಿದ ಫ್ಯಾನು ತಿರುಗುವುದುಂಟೇ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಗಟ್ಟಿಯಾಗಿಯೇ ಹೇಳಿದೆ. ಅವನು "ಹಾಯ್" ಎಂದ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಕೈ ಕುರಿಯ ಗಿಣ್ಣಿಗೆ ಬಿತ್ತು. ಶಿವರಾತ್ರಿಯ ಹೊತ್ತಿಗೆ ಕರಿಯಪ್ಪನ ಗಿಣ್ಣಿಗೆ.

ನಾನು ಪ್ರತಿ ಭಾನುವಾರವೂ ಇದೇ ಕೊನೆ, ಮುಂದಿನ ವಾರ ನಾನು ಬರುವವನಲ್ಲ ಎಂದು ಹೇಳುತ್ತಿದ್ದೆ. "ಬೈಯ್ಕಂತಾನೇ ಹೋಗ್ತೀರ, ಆದ್ರೆ ಬಸ್‌ಸ್ಟ್ಯಾಂಡಿಗೆ ನಿಮಗಿಂತ ಮುಂಚೆ ಕಂಡಕ್ಟರೂ ಬಂದಿರಲ್ಲ" ಎಂದು ರತ್ನಮ್ಮ ಕುಟುಕಿದಳು. ಹೆಂಡತಿಯರಿಗೆ ಇಂಥ ಲೆಕ್ಕಗಳು ಮಾತ್ರ ಚೆನ್ನಾಗಿ ನೆನಪಿರುತ್ತವೆ.

ಮಾರ್ಚಿ ನಡುವಿಗೆ ಅವನು ಹೊರಟ. ಕರಿಯಪ್ಪ ಒಂದು ಕಂಬಳಿ ಕೊಟ್ಟ. ಎಲ್ಲರಿಗೂ ಬಾಗಿ, ಕುರಿಗೂ ಬಾಗಿ ನಮಸ್ಕರಿಸಿ ಹೋದ. ಆಮೇಲೆ ಸುದ್ದಿಯಿಲ್ಲ. ಏಪ್ರಿಲ್ ಹೋಯಿತು, ಮಳೆಗಾಲ ಬಂತು, ಹೋಯಿತು. ಹರಿಯಬ್ಬೆಗೆ ಹೋದಾಗಲೆಲ್ಲ ಕರಿಯಪ್ಪ "ಕಾಗ್ದ ಬಂತೇನಣ್ಣ?" ಎಂದು ಕೇಳುತ್ತಿದ್ದ. "ಔಟಾಗಿರ್ತಾನೆ ಬಿಡು, ಮೂವತ್ತೈದಕ್ಕೆ ಆಟ ಏನು ಬಂತು" ಎನ್ನುತ್ತಿದ್ದೆ. ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಹಾಗೆ ಹೇಳುವಾಗ ನನಗೆ ಒಳಗೊಳಗೇ ಒಂದು ಸಮಾಧಾನವಾಗುತ್ತಿತ್ತು. ಯಾಕೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಮತ್ತೆ ಶೇಂಗಾ ಕೀಳುವ ಕಾಲಕ್ಕೆ ಒಂದು ಲಕೋಟೆ ಬಂತು. ಒಳಗೆ ಒಂದು ಸಿ.ಡಿ., ಒಂದು ಚೀಟಿ. ಚೀಟಿಯಲ್ಲಿ ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ, ಸೆನ್ಸೇ ಮತ್ತು ಕರಿಯಪ್ಪನವರು ದಯವಿಟ್ಟು ನೋಡಬೇಕು, ನನ್ನ ಅಂಗಿಯ ನಂಬರು ಐವತ್ತೈದು, ಇದು ನನ್ನ ಕೊನೆಯ ವರ್ಷ ಎಂದಿತ್ತು. ಆ ಭಾನುವಾರವೇ ಹರಿಯಬ್ಬೆಗೆ ಹೋದೆ. ಸಿ.ಡಿ. ಪ್ಲೇಯರ್ ಇದ್ದದ್ದು ಈರಣ್ಣನ ಮನೆಯಲ್ಲಿ. ಏಳೂ ಜನ ಸೇರಿದರು. ಬಾಗಿಲಲ್ಲಿ ಹೆಂಗಸರು. ರಿಮೋಟು ಕರಿಯಪ್ಪನ ಕೈಲಿ.

ಪರದೆಯ ಮೇಲೆ ಹಸಿರು ಮೈದಾನ, ಇಪ್ಪತ್ತೆರಡು ಜಾಲರಿ ಟೋಪಿ. ಯಾರು ಯಾರೆಂದು ಅವರ ತಾ‌ಯಂದಿರಿಗೂ ಗೊತ್ತಾಗುವಂತಿರಲಿಲ್ಲ. ಐವತ್ತೈದನ್ನು ಹುಡುಕಿದೆವು. ಮೈದಾನದೊಳಗೆ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ, ನೀರಿನ ಬಾಟಲಿಗಳ ಪೆಟ್ಟಿಗೆಯ ಪಕ್ಕ ಕೂತಿದ್ದ. ಅರ್ಧ ಗಂಟೆ ಕೂತಿದ್ದ. ಒಂದು ಗಂಟೆ ಕೂತಿದ್ದ. ಗುದ್ದಾಟ, ಮೀಟಿಂಗು, ಗುದ್ದಾಟ, ಮೀಟಿಂಗು. "ಇವ್ನೇನು ನೀರು ಕೊಡಾಕೆ ಹೋಗ್ಯಾನಾ?" ಎಂದ ಈರಣ್ಣ. ಅವನ ತಂಡ ಸೋಲುತ್ತಿರುವುದು ನಮಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಕೊನೆಗೆ ಇನ್ನು ಗೆಲ್ಲುವ ಮಾತೇ ಇಲ್ಲ ಎಂದಾದಾಗ ಕೋಚು ಅವನ ಹೆಗಲು ತಟ್ಟಿದ. ಐವತ್ತೈದು ಎದ್ದು, ಗೆರೆಯ ಹತ್ತಿರ ನಿಂತು ಬಾಗಿ, ಒಳಗೆ ಓಡಿದ.

ಎದುರಾಳಿಯೊಬ್ಬ ಚೆಂಡು ಹಿಡಿದು ಹೊರಟ. ಎಮ್ಮೆಯ ಗಾತ್ರದವನು. ಮುಖವನ್ನು ಎಡಕ್ಕೆ ತಿರುಗಿಸಿದ, ಇಬ್ಬರು ನಂಬಿ ಎಡಕ್ಕೆ ಹೋಗಿ ಬಿದ್ದರು. ಐವತ್ತೈದು ಮುಖ ನೋಡಲೇ ಇಲ್ಲ. ಬಲಕ್ಕೆ ನೆಲದ ಮೇಲೆ ಚಾಚಿ ಬಿದ್ದು ಗಿಣ್ಣಿಗೆ ಕೈ ಹಾಕಿದ. ಎಮ್ಮೆ ಉರುಳಿತು. ಇಡೀ ಮನೆ "ಔಟ್!" ಎಂದು ಕೂಗಿತು. ಕರಿಯಪ್ಪ ಕೂಗಲಿಲ್ಲ, ತೊಡೆ ಮಾತ್ರ ತಟ್ಟಿಕೊಂಡ. ಅಷ್ಟರಲ್ಲಿ ಆಟದ ಹೊತ್ತು ಮುಗಿದು, ಸೋತವರೆಲ್ಲ ಸಾಲಾಗಿ ನಿಂತು ಜನರಿಗೆ ನಮಸ್ಕರಿಸುತ್ತಿದ್ದರು.

ಜೇಬಿನಲ್ಲಿ ನನ್ನ ಸ್ಟಾಪ್‌ವಾಚು ಇತ್ತು. ಸುಮ್ಮನೆ ಇರಲಾರದೆ ಹಿಂದಕ್ಕೆ ಓಡಿಸಿ ಮತ್ತೆ ಹಾಕಿಸಿ ಅಳೆದೆ. ನಾಲ್ಕು ಸೆಕೆಂಡು.

"ನಾಕು ಸೆಕೆಂಡಾ?" ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಕು ಸೆಕೆಂಡಿಗೆ ಮೂರು ತಿಂಗ್ಳು ನಮ್ ಮೈ ಹಣ್ಣು ಮಾಡ್ಸಿದ್ರಲ್ರಿ ಮೇಷ್ಟ್ರೇ! ಹನ್ನೊಂದು ವರ್ಷ ಆಡಿದೋನು, ಕಡೇಗೆ ಬಾಟ್ಲಿ ಕಾಯಾಕೆ ಕುಂತ!"

ಇದು ನಾನು ಆಡಬೇಕಾದ ಮಾತು. ಒಂದು ವರ್ಷದಿಂದ ಇಂಥದ್ದನ್ನೇ ಆಡಿಕೊಂಡು ಬಂದಿದ್ದೆ. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ನಾಲಗೆ ನನ್ನ ಹಿಡಿತಕ್ಕೆ ಸಿಗಲಿಲ್ಲ.

"ಲೇ ಈರಣ್ಣ, ನಂಗೆ ಅಷ್ಟೂ ಸಿಗ್ಲಿಲ್ಲ ಕಣೋ" ಎಂದೆ. "ಮೈಸೂರಿನಾಗೆ ಎರಡು ದಿನ ಗೆರೆಯಾಚೆ ಕುಂತು ಆಡೋರ ಬಟ್ಟೆ ಕಾದೆ. ಒಂದ್ಸಲಾನೂ ನನ್ನ ಒಳಗೆ ಕರೀಲಿಲ್ಲ. ಒಬ್ಬನ್ನೂ ನಾನು ಹಿಡೀಲಿಲ್ಲ."

ಟಿ.ವಿ.ಯಲ್ಲಿ ಜಪಾನಿಗಳು ಇನ್ನೂ ಬಾಗುತ್ತಿದ್ದರು. ಮೂವತ್ತು ವರ್ಷ ಜೋಪಾನ ಮಾಡಿದ ಸುಳ್ಳನ್ನು ಹೀಗೆ ಒಬ್ಬ ಬಾಯಿಬಡುಕನ ಮುಂದೆ ಚೆಲ್ಲಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಎದ್ದುನಿಂತೆ. ಚಪ್ಪಲಿ ಎಲ್ಲಿದೆ ಎಂದು ಹುಡುಕತೊಡಗಿದೆ.

ಕರಿಯಪ್ಪ ರಿಮೋಟಿನಿಂದ ಕಣ್ಣೆತ್ತಲಿಲ್ಲ. "ಗೊತ್ತೈತೆ ಬಿಡಣ್ಣ" ಎಂದ. "ಮೈಸೂರಿಂದ ಬಂದ್ ದಿನಾನೇ ನಮ್ಮಪ್ಪ ಹೇಳಿದ್ದ. ಊರಿಗೆಲ್ಲ ಗೊತ್ತೈತೆ."

ನಾನು ಈರಣ್ಣನ ಮುಖ ನೋಡಿದೆ. ಊರಿಗೆಲ್ಲ ಬಾಯಿ ಹಾಕುವ ಈರಣ್ಣ ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದ.

"ಅಲ್ಯಾಕೆ ನಿಂತೆ? ಮುಂದಕ್ ಬಂದು ಕುಂತ್ಕಳಣ್ಣ" ಎಂದ ಕರಿಯಪ್ಪ. "ಇನ್ನೊಂದ್ಸಲ ಹಾಕ್ತೀನಿ."

ನಾನು ಮುಂದಕ್ಕೆ ಹೋಗಿ ಕುಳಿತೆ.